ಪಕ್ಕದಲ್ಲಿ ಕೂತವಳ ಸೀರೆ

ಭಾನುವಾರ ಬೆಳಿಗ್ಗೆ ಯಶವಂತಪುರ ಸರ್ಕಲ್ಲಿನಲ್ಲೋ ಹೆಬ್ಬಾಳದ ಫ್ಲೈಓವರ್ ಕೆಳಗೋ ಬಸ್ಸಿಗೆ ಕಾಯುತ್ತ ನಿಂತರೆ, ಯಾವ ಹೆಂಗಸು ಯಾವ ಚರ್ಚಿಗೆ ಹೊರಟಿದ್ದಾಳೆ ಎಂದು ಬಟ್ಟೆ ನೋಡಿಯೇ ಹೇಳಬಹುದು. ಬಿಳಿ ಸೀರೆ, ಬರಿಗಿವಿ, ಬರಿಗೊರಳು, ಕಂಕುಳಲ್ಲಿ ಜಿಪ್ ಹಾಕಿದ ಬೈಬಲ್ ಇದ್ದರೆ ಪೆಂಟೆಕೋಸ್ಟಲ್ ಸಭೆಯವರು. ರೇಷ್ಮೆ ಸೀರೆ, ಮಲ್ಲಿಗೆ, ಹಣೆಯಲ್ಲಿ ಸಣ್ಣ ಬಿಂದಿ ಇದ್ದರೆ ನಮ್ಮಂಥ ಕನ್ನಡ ಕ್ಯಾಥೊಲಿಕರೋ ತಮಿಳರೋ. ಬಸ್ಸಿಳಿಯುವ ಮೊದಲೇ ಸೆರಗು ತಲೆಗೇರಿತೆಂದರೆ ಕೇರಳದ ಆರ್ಥೊಡಾಕ್ಸ್ ಮನೆಯವರು. ಹೂವಿನ ಚಿತ್ತಾರದ ಫ್ರಾಕ್ ತೊಟ್ಟು ಮುತ್ತಿನ ಸರ ಹಾಕಿಕೊಂಡ ವಯಸ್ಸಾದವರು ಮಂಗಳೂರಿನವರೋ ಆಂಗ್ಲೋ ಇಂಡಿಯನ್ನರೋ. ಈಚಿನ ವರ್ಷಗಳಲ್ಲಿ ಮಿಜೋರಾಂ ಹುಡುಗಿಯರೂ ಸೇರಿಕೊಂಡಿದ್ದಾರೆ. ವಾರವೆಲ್ಲ ಜೀನ್ಸ್ ತೊಡುವ ಅವರು ಚರ್ಚಿಗೆ ಮಾತ್ರ ಸೊಂಟಕ್ಕೆ ಊರಿನ ನೇಯ್ಗೆಯ ಪುಆನ್ ಸುತ್ತಿಕೊಂಡು ಬರುತ್ತಾರೆ.

ಇವರೆಲ್ಲರಿಗೂ ಆಧಾರ ಒಂದೇ ಗ್ರಂಥ. ಪೌಲನು ತಿಮೊಥೇಯನಿಗೆ ಬರೆದ ಮೊದಲ ಪತ್ರದ ಎರಡನೆಯ ಅಧ್ಯಾಯ, ಪೇತ್ರನ ಮೊದಲ ಪತ್ರದ ಮೂರನೆಯ ಅಧ್ಯಾಯ, ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹನ್ನೊಂದನೆಯ ಅಧ್ಯಾಯ. ಹೆಂಗಸು ಹೇಗೆ ಉಡಬೇಕು ಎಂಬ ಮಾತೆದ್ದಾಗಲೆಲ್ಲ ನಾನು ಕೇಳುತ್ತ ಬಂದದ್ದು ಈ ಮೂರನ್ನೇ. ಅವನ್ನೇ ಓದಿ ಒಬ್ಬಳು ಓಲೆ ಬಿಚ್ಚಿಡುತ್ತಾಳೆ, ಒಬ್ಬಳು ಸೆರಗು ಹೊದೆಯುತ್ತಾಳೆ, ಇನ್ನೊಬ್ಬಳು ಕಂಚಿ ರೇಷ್ಮೆ ಉಟ್ಟು ಮೊದಲ ಬೆಂಚಿಗೆ ಹೋಗಿ ಕೂರುತ್ತಾಳೆ. ನಾನು ಯಶವಂತಪುರದ ವಠಾರದಲ್ಲಿ ಬೆಳೆದು, ಆರ್.ಟಿ. ನಗರದಲ್ಲಿದ್ದು ಓದಿ, ಯಲಹಂಕದಲ್ಲಿ ಸಂಸಾರ ಹೂಡಿದವಳು. ಅಮ್ಮ ಟೈಲರ್. ಹೀಗಾಗಿ ಮಾನ ಮರ್ಯಾದೆಯ ಪ್ರಶ್ನೆ ನಮ್ಮ ಮನೆಗೆ ಬರುತ್ತಿದ್ದದ್ದೇ ಇಂಚುಗಳ ಲೆಕ್ಕದಲ್ಲಿ.

ಅಮ್ಮನ ತವರು ಹೆಸರಘಟ್ಟ ರಸ್ತೆಯ ಸಿಲುವೆಪುರದ ಕಡೆ. 1876–78ರ ಧಾತು ಈಶ್ವರದ ಬರದಲ್ಲಿ ಮೈಸೂರು ಸೀಮೆಯಲ್ಲಿ ಲಕ್ಷಗಟ್ಟಲೆ ಜನ ಸತ್ತರು, ದಿಕ್ಕಿಲ್ಲದ ಎಷ್ಟೋ ಮಕ್ಕಳು ಮಿಶನ್ನಿನ ಸ್ವಾಮಿಗಳ ಕೈಸೇರಿದವು. ನಮ್ಮ ವಂಶ ಅಂಥ ಒಂದು ಮಗುವಿನಿಂದ ಶುರುವಾಯಿತೆಂದು ಅಜ್ಜಿ ಹೇಳುತ್ತಿದ್ದಳು. ಹೊಟ್ಟೆಗೆ ಹಿಟ್ಟು ಸಿಕ್ಕಿತು, ಹೆಸರಿನ ಜೊತೆ ಸಂತರ ಹೆಸರು ಸೇರಿತು, ಉಡುಗೆ ಮಾತ್ರ ಊರಿನದೇ ಉಳಿಯಿತು. ಅಜ್ಜಿಯ ಹಣೆಯಲ್ಲಿ ಕುಂಕುಮ, ಕೈತುಂಬ ಗಾಜಿನ ಬಳೆ, ಕಾಲುಂಗುರ, ಶಿಲುಬೆ ಕೂರಿಸಿದ ತಾಳಿ. ಪೂಜೆಗೆ ಹೊರಟಳೆಂದರೆ ತುರುಬಿಗೆ ಕನಕಾಂಬರ.

ಅಜ್ಜಿಯ ಅತ್ತೆಯಂತೂ ರವಿಕೆ ತೊಟ್ಟವಳೇ ಅಲ್ಲವಂತೆ. ಹೊಲದಲ್ಲೂ ಚರ್ಚಿನಲ್ಲೂ ಸೀರೆಯನ್ನೇ ಮೈಗೆ ಬಿಗಿಯಾಗಿ ಸುತ್ತಿ, ತೋಳು ಭುಜ ಬಿಟ್ಟುಕೊಂಡೇ ಹೋಗಿ ಪರಮಪ್ರಸಾದ ಸ್ವೀಕರಿಸುತ್ತಿದ್ದಳು. ‘ಫ್ರೆಂಚ್ ಸ್ವಾಮಿಗಳು ಏನೂ ಅನ್ತಿರಲಿಲ್ವಾ?’ ಎಂದು ಕೇಳಿದರೆ ಅಜ್ಜಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ‘ಅನ್ನಕ್ಕೇನೈತೆ? ಊರಲ್ಲಿ ಮುದುಕೀರೆಲ್ಲ ಹಂಗೇ ಇದ್ರು. ತಲೆ ಮ್ಯಾಲೆ ಸೆರಗಿತ್ತಲ್ಲ!’

ಅವಳ ಮಾತಿನಲ್ಲಿ ಆಗಿನ ಧರ್ಮಸಭೆಯ ಕಾನೂನೇ ಇತ್ತು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಕ್ಯಾಥೊಲಿಕ್ ಧರ್ಮಸಭೆಯ 1917ರ ಕಾನೂನು ಸಂಹಿತೆಯ 1262ನೆಯ ನಿಯಮದ ಪ್ರಕಾರ ಪೂಜೆಯಲ್ಲಿ ಹೆಂಗಸರು ತಲೆ ಮುಚ್ಚಿಕೊಳ್ಳಬೇಕಿತ್ತು. 1983ರ ಹೊಸ ಸಂಹಿತೆಯಲ್ಲಿ ಆ ಮಾತಿಲ್ಲ. ಮುತ್ತಜ್ಜಿಯ ಕಾಲಕ್ಕೆ ಕೂದಲು ಕಾಣುವುದು ತಪ್ಪಾಗಿತ್ತು, ಭುಜ ಕಂಡರೆ ಯಾರೂ ಗಮನಿಸುತ್ತಿರಲಿಲ್ಲ. ನಾನು ದೊಡ್ಡವಳಾಗುವ ಹೊತ್ತಿಗೆ ಬಿರಿಬಿಟ್ಟ ಕೂದಲಿಗೆ ಯಾರ ತಕರಾರೂ ಇರಲಿಲ್ಲ, ತೋಳಿಲ್ಲದ ರವಿಕೆಗೆ ಮಾತ್ರ ಚರ್ಚಿನ ಬಾಗಿಲಲ್ಲಿ ನೋಟಿಸ್ ಬೋರ್ಡು ಬಂದಿತ್ತು. ದೇವರ ಮುಂದೆ ಹೆಂಗಸಿನ ಮೈಯಲ್ಲಿ ನಾಚಿಕೆ ಪಡಬೇಕಾದ ಭಾಗ ಯಾವುದೆಂಬುದು ಮೂರು ತಲೆಮಾರಿನಲ್ಲಿ ತಲೆಯಿಂದ ಭುಜಕ್ಕೆ ಇಳಿದಿತ್ತು.

ಅಪ್ಪ ಪೀಣ್ಯದ ಒಂದು ಸಣ್ಣ ಲೇತ್ ಶಾಪಿನಲ್ಲಿದ್ದ. ಅದು ಬಾಗಿಲು ಹಾಕಿದ ಮೇಲೆ ಅಮ್ಮ ಗಾರ್ಮೆಂಟ್ಸಿಗೆ ಹೋದಳು. ಹೆಲ್ಪರಾಗಿ ಸೇರಿ ದಾರ ಕತ್ತರಿಸುತ್ತ, ಊಟದ ಬಿಡುವಿನಲ್ಲಿ ಕದ್ದು ಮೆಷಿನ್ ಕಲಿತು ಟೈಲರ್ ಆದಳು. ಅಲ್ಲಿ ಒಂದು ಅಂಗಿಯನ್ನು ಪೂರ್ತಿ ಹೊಲಿಯುವವರು ಯಾರೂ ಇಲ್ಲ. ಲೈನಿನಲ್ಲಿ ಒಬ್ಬಳದು ಕಾಲರ್, ಒಬ್ಬಳದು ಜೇಬು, ಮುಂದಿನವಳದು ಕಾಜ. ಅಮ್ಮನ ಪಾಲಿಗೆ ಬಹಳ ಕಾಲ ಬಂದದ್ದು ತೋಳಿಲ್ಲದ ಟಾಪುಗಳ ಕಂಕುಳ ಸುತ್ತಿನ ಪಟ್ಟಿ. ಅವಳು ಸೀರೆಯ ಮೇಲೆ ಏಪ್ರನ್ ತೊಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು ಯಾವುದೋ ದೇಶದ ಹುಡುಗಿಯರ ಬರಿತೋಳಿಗೆ ಅಂಚು ಕಟ್ಟುತ್ತಿದ್ದಳು.

‘ಅಲ್ಲಿ ಇವನ್ನ ಹಾಕ್ಕೊಂಡು ಚರ್ಚಿಗೆ ಹೋಗ್ತಾರಾ ಅಮ್ಮ?’ ಎಂದು ಒಮ್ಮೆ ಕೇಳಿದೆ.

‘ಹೋಗ್ತಾರೋ ಬಿಡ್ತಾರೋ. ಹೊಲಿಗೆ ಬಿಡದಂಗೆ ಹೊಲಿದಿದ್ದೀನಿ. ನನ್ ಜವಾಬ್ದಾರಿ ಅಷ್ಟೇ.’

ಅದೇ ದಿನಗಳಲ್ಲಿ ಭಾನುವಾರದ ಧರ್ಮೋಪದೇಶದ ತರಗತಿಯಲ್ಲಿ ಟೀಚರು ನಮಗೆ, ಮೈತುಂಬ ಬಟ್ಟೆ ತೊಟ್ಟ ಹೆಣ್ಣುಮಗಳನ್ನು ಯಾರೂ ಕೆಟ್ಟದಾಗಿ ನೋಡುವುದಿಲ್ಲ, ಕೆಟ್ಟದಾಗಿ ಮಾತಾಡಿಸುವುದಿಲ್ಲ ಎಂದು ಹೇಳಿಕೊಟ್ಟರು. ಮನೆಗೆ ಬಂದು ಅಮ್ಮನಿಗೆ ಒಪ್ಪಿಸಿದೆ. ಅಮ್ಮನ ಫ್ಲೋರಿನಲ್ಲಿ ಎಲ್ಲ ಹೆಂಗಸರೂ ಕುತ್ತಿಗೆಯಿಂದ ಪಾದದವರೆಗೆ ಮುಚ್ಚಿಕೊಂಡವರೇ. ಟಾರ್ಗೆಟ್ ಮುಟ್ಟದ ದಿನ ಸೂಪರ್‌ವೈಸರ್ ಅವರ ತಾಯಂದಿರ ಹೆಸರೆತ್ತಿ ಬೈಯುತ್ತಿದ್ದ, ಬಾತ್‌ರೂಮಿಗೆ ಹೋದ ಹೊತ್ತನ್ನು ಗಡಿಯಾರ ನೋಡಿ ಎಲ್ಲರೆದುರು ಕೂಗಿ ಹೇಳುತ್ತಿದ್ದ. ಅಮ್ಮ ಪಾತ್ರೆ ತಿಕ್ಕುತ್ತಲೇ, ‘ನಿಮ್ ಟೀಚರಮ್ಮನ್ನ ಒಂದಿನ ನಮ್ ಫ್ಲೋರಿಗೆ ಕಳ್ಸು’ ಅಂದಳು.

ಬೆನ್ನುನೋವು ತಡೆಯಲಾಗದೆ ಅವಳು ಗಾರ್ಮೆಂಟ್ಸ್ ಬಿಟ್ಟಾಗ ಕೈಗೆ ಬಂದದ್ದು ಪಿಎಫ್ ಹಣ. ಅದರಲ್ಲೇ ಆರ್.ಟಿ. ನಗರದ ಅಡ್ಡರಸ್ತೆಯೊಂದರಲ್ಲಿ ಮನೆ ಹಿಡಿದು, ಮುಂದಿನ ಕೋಣೆಯಲ್ಲಿ ಮೆಷಿನ್ ಹಾಕಿದಳು. ಬಹಳ ವರ್ಷಗಳ ಮೇಲೆ, 2016ರ ಏಪ್ರಿಲ್‌ನಲ್ಲಿ, ಪಿಎಫ್ ಹಣ ತೆಗೆಯುವ ನಿಯಮವನ್ನು ಕೇಂದ್ರ ಸರ್ಕಾರ ಬಿಗಿ ಮಾಡಿದ್ದರ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಯನ್ನೂ ತುಮಕೂರು ರಸ್ತೆಯನ್ನೂ ತಡೆದರು. ಎರಡು ದಿನದಲ್ಲಿ ಸರ್ಕಾರ ಹಿಂದೆ ಸರಿಯಿತು. ‘ಹೆಂಗಸರು ಹಿಂಗೆ ಬೀದೀಲಿ ಕೂರೋದು ಚೆನ್ನಾಗಿರಲ್ಲ’ ಎಂದು ಟಿವಿ ನೋಡುತ್ತಿದ್ದ ಗಿರಾಕಿಯೊಬ್ಬರು ಅಂದಾಗ ಅಮ್ಮ ತನ್ನ ಮೆಷಿನ್ನಿನ ಮೇಲೆ ಕೈಯಿಟ್ಟು, ‘ಇದು ಬಂದಿದ್ದು ಆ ದುಡ್ಡಲ್ಲೇ ಅಕ್ಕ’ ಎಂದಷ್ಟೇ ಹೇಳಿದಳು.

ಆರ್.ಟಿ. ನಗರದ ಆ ಕೋಣೆಯಲ್ಲಿ ನಾನು ಕಾಲೇಜಿನಿಂದ ಬಂದವಳೇ ಅಳತೆ ಪುಸ್ತಕ ಹಿಡಿದು ಕೂರುತ್ತಿದ್ದೆ. ಉದ್ದ, ಎದೆ, ಸೊಂಟ, ಭುಜ, ತೋಳು, ಮುಂದಿನ ಕುತ್ತಿಗೆ, ಹಿಂದಿನ ಕುತ್ತಿಗೆ. ಅಮ್ಮ ಟೇಪು ಹಿಡಿದು ಕೂಗುವಳು, ನಾನು ಬರೆಯುವೆನು. ಮಂಗಳೂರಿನ ಆಂಟಿಗೆ ಕಾಲು ತುಸು ಕಂಡರೂ ಪರವಾಗಿಲ್ಲ, ಎದೆಯ ಬಳಿ ಫ್ರಾಕು ಒಂದು ಎಳೆಯೂ ಇಳಿಯಬಾರದು. ಎದುರು ಮನೆಯ ಮಾಮಿಗೆ ಸೊಂಟ ಕಾಣುವುದು ಸೀರೆಯ ಲಕ್ಷಣವೇ, ಕಾಲಿನ ಮೀನಖಂಡ ಕಂಡರೆ ಮಾತ್ರ ನಾಚಿಕೆ. ಬುರ್ಖಾ ತೊಟ್ಟು ಬರುತ್ತಿದ್ದ ಗಂಗಾನಗರದ ಅಕ್ಕ ಮದುವೆ ಮನೆಯ ಹೆಂಗಸರ ಕಡೆಯ ಕೋಣೆಗೆಂದು ಹೊಲಿಸುತ್ತಿದ್ದ ಚೋಲಿಯಷ್ಟು ಕುಸುರಿಯ ಕೆಲಸ ಅಮ್ಮನಿಗೆ ಬೇರೆ ಯಾರಿಂದಲೂ ಬರುತ್ತಿರಲಿಲ್ಲ. ಅಂದ ತೋರಿಸಬಾರದೆಂದು ಆಕೆ ಎಂದೂ ಹೇಳಿದವಳಲ್ಲ, ಯಾರಿಗೆ ತೋರಿಸಬೇಕೆಂಬುದು ಆಕೆಗೆ ಸ್ಪಷ್ಟವಿತ್ತು. ಎಲ್ಲರೂ ಮೊದಲಿಗೆ ಹೇಳುತ್ತಿದ್ದ ಮಾತೊಂದೇ, ‘ಡೀಸೆಂಟಾಗಿರ್ಲಿ ಅಕ್ಕ.’ ಅಮ್ಮ ತಲೆಯಾಡಿಸಿ ಟೇಪು ಹಿಡಿದು, ಅವರವರ ಡೀಸೆಂಟು ಎಷ್ಟು ಇಂಚಿಗೆ ನಿಲ್ಲುತ್ತದೆಂದು ಅವರ ಬಾಯಿಂದಲೇ ಹೇಳಿಸುತ್ತಿದ್ದಳು.

ಆ ದಿನಗಳಲ್ಲೇ ಚಿಕ್ಕಮ್ಮ ಮತ್ತಿಕೆರೆಯ ಕಡೆಯ ಒಂದು ಪೆಂಟೆಕೋಸ್ಟಲ್ ಸಭೆಗೆ ಸೇರಿದಳು. ದೀಕ್ಷಾಸ್ನಾನವಾದ ವಾರವೇ ಓಲೆ, ಮೂಗುತಿ, ಬಳೆ ಎಲ್ಲ ತೆಗೆದಳು. ಹಣೆ ಬೋಳು, ತುರುಬು ಬೋಳು, ಮೈಮೇಲೆ ಬಿಳಿ ಸೀರೆ. ನಮ್ಮ ನಂಟರ ಮದುವೆಗೆ ಅವಳು ಹಾಗೇ ಬಂದಾಗ ಅಜ್ಜಿ ಮಂಟಪದ ಬಾಗಿಲಲ್ಲೇ ಕುಸಿದು ಕೂತು ಅತ್ತುಬಿಟ್ಟಳು. ‘ಗಂಡ ಗುಂಡುಕಲ್ಲಿನಂಗೆ ಪಕ್ಕದಲ್ಲಿ ನಿಂತವ್ನೆ, ಇವಳಿಗೇನು ಬಂತು ಕೇಡು?’ ಕನ್ನಡದ ಹಳ್ಳಿಯ ಕಣ್ಣಿಗೆ ಹೂವಿಲ್ಲದ, ಕುಂಕುಮವಿಲ್ಲದ, ಬಿಳಿ ಸೀರೆಯ ಹೆಂಗಸೆಂದರೆ ವಿಧವೆ. ಅಜ್ಜಿಗೆ ಮರ್ಯಾದಸ್ಥ ಹೆಂಗಸಿನ ಗುರುತಾಗಿದ್ದದ್ದೆಲ್ಲ ಚಿಕ್ಕಮ್ಮನಿಗೆ ಲೋಕದ ಆಡಂಬರವಾಗಿತ್ತು. ಇಬ್ಬರೂ ಯೇಸುವಿನ ಹೆಸರೆತ್ತಿಯೇ ಜಗಳವಾಡಿದರು.

ನನಗೂ ಅವಳ ಬೋಳು ಕಿವಿ ನೋಡಿ ಸಂಕಟವಾಗುತ್ತಿತ್ತು. ಒಂದು ಸಂಜೆ ಅಂಗಡಿಗೆ ಬಂದವಳನ್ನು ನೇರವಾಗಿ ಕೇಳಿದೆ. ಅವಳು ಉಪದೇಶ ಮಾಡಲಿಲ್ಲ. ‘ನನ್ ಓಲೆ ಎಷ್ಟು ವರ್ಷ ನನ್ ಕಿವೀಲಿತ್ತು ಹೇಳು? ಸೇಟು ಅಂಗಡೀಲೇ ಇತ್ತು. ಪ್ರತಿ ಮದುವೆಗೂ ಬಿಡಿಸ್ಕೊಂಡು ಬರೋದು, ಮುಗಿದ ಮೇಲೆ ಇಡೋದು. ಬಡ್ಡಿ ಕಟ್ಟಿ ಕಟ್ಟಿ ಸಾಕಾಯ್ತು. ಬಿಡಿಸ್ಕೊಳ್ಳೋಕಾಗದ ವರ್ಷ ಹುಷಾರಿಲ್ಲ ಅಂತ ಸುಳ್ಳು ಹೇಳಿ ಮನೇಲೇ ಉಳೀತಿದ್ದೆ. ಈಗ ನಮ್ ಸಭೇಲಿ ಯಾರು ಸಾಹುಕಾರ್ತಿ, ಯಾರು ಮನೆಗೆಲಸದೋಳು, ಕಿವಿ ನೋಡಿದ್ರೆ ಗೊತ್ತಾಗಲ್ಲ.’

ಇದನ್ನು ಕೇಳಿದ ಮೇಲೆ ಅವಳ ಬರಿಗಿವಿಯನ್ನು ಮೊದಲಿನಂತೆ ನೋಡಲು ನನಗಾಗಲಿಲ್ಲ. ಆದರೆ ವರ್ಷಗಳು ಕಳೆದಂತೆ ಆ ಸಭೆಯಲ್ಲೂ ಬಿಳಿ ಸೀರೆಗಳೊಳಗೇ ಮೇಲುಕೀಳು ಹುಟ್ಟಿತು. ಒಂದು ಬಿಳಿ ಪಾಲಿಯೆಸ್ಟರ್, ಇನ್ನೊಂದು ಬಿಳಿ ಸಣ್ಣ ಜರಿಯ ರೇಷ್ಮೆ. ಒಡವೆ ಕೂಡದು, ವಾಚು ಕಟ್ಟಬಹುದು. ಹಾಗಾಗಿ ಕೆಲವರ ಮಣಿಕಟ್ಟಿನಲ್ಲಿ ಬಂಗಾರದ ಬಣ್ಣದ ವಾಚು ಬಳೆಯ ಅಗಲಕ್ಕೆ ಬೆಳೆಯಿತು. ಚಿಕ್ಕಮ್ಮನೇ ಇದನ್ನು ಹೇಳಿ ನಗುತ್ತಿದ್ದಳು.

ನಮ್ಮ ಕ್ಯಾಥೊಲಿಕ್ ಕಡೆ ಗಲಾಟೆಯೆಲ್ಲ ಹೊಲಿಗೆಯದು. ಒಂದು ಮೇ ತಿಂಗಳಲ್ಲಿ ಅಮ್ಮ ಹೊಲಿದ ಮದುವೆ ಬ್ಲೌಸಿನ ಹಿಂದಿನ ಕುತ್ತಿಗೆ ಇಳಿಯಿತೆಂದು, ಹುಡುಗಿ ಪೀಠದ ಮೆಟ್ಟಿಲಲ್ಲಿ ನಿಂತಿರುವಾಗಲೇ ಚರ್ಚಿನವರೊಬ್ಬರು ಶಾಲು ತಂದು ಹೊದಿಸಿದರು. ಆ ಸೆಕೆಯಲ್ಲಿ ಅವಳು ಬೆವೆತು, ಕಣ್ಣಕಪ್ಪು ಕೆನ್ನೆಗಿಳಿದು, ತಾಳಿ ಕಟ್ಟಿಸಿಕೊಳ್ಳುವಾಗಿನ ಫೋಟೋಗಳೆಲ್ಲ ಅಳುಮುಖದವೇ ಆದವು. ಅವಳ ಮೈಮೇಲಿದ್ದ ಚಿನ್ನದ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚಲಿಲ್ಲ. ಚೀಟಿ ಎತ್ತಿ, ಸಾಲ ಮಾಡಿ ಅವಳಪ್ಪ ಹಾಕಿಸಿದ್ದ ಚಿನ್ನ ಅದು. ಅಮ್ಮ ಮನೆಗೆ ಬಂದು, ‘ಎರಡಿಂಚು ಬೆನ್ನು ಎಲ್ರಿಗೂ ಕಾಣ್ತು, ಎರಡು ಲಕ್ಷ ಸಾಲ ಯಾರಿಗೂ ಕಾಣಲಿಲ್ಲ’ ಅಂದಳು.

ಅಮ್ಮನ ಆ ಮಾತು ತಲೆಯಲ್ಲಿ ಉಳಿಯಿತು. ಅದಕ್ಕೆ ಬೇರು ಸಿಕ್ಕಿದ್ದು ವಠಾರದ ಮೂಲೆಮನೆಯ ಅಕ್ಕನಿಂದ. ಆಕೆ ಅಮ್ಮನ ಹಳೆಯ ಫ್ಯಾಕ್ಟರಿಯಲ್ಲಿ ಹೆಲ್ಪರ್. ಪೂಜೆಗೆ ಉಡಲು ಆಕೆಗಿದ್ದದ್ದು ಒಂದೇ ಒಳ್ಳೆಯ ಸೀರೆ, ನೇರಳೆ ಬಣ್ಣದ್ದು. ಶನಿವಾರ ರಾತ್ರಿ ಒಗೆದು ಹರವಿ, ಬೆಳಿಗ್ಗೆ ಉಟ್ಟು ಒಂಬತ್ತು ಗಂಟೆಯ ಪೂಜೆಗೆ ಬರುತ್ತಿದ್ದಳು. ಒಂದು ಭಾನುವಾರ ಪೂಜೆ ಮುಗಿದು ಎಲ್ಲರೂ ಅಂಗಳದಲ್ಲಿ ನಿಂತಿದ್ದಾಗ ಮಹಿಳಾ ಸಂಘದ ಒಬ್ಬರು ನಗುನಗುತ್ತಲೇ, ‘ಏನಮ್ಮ, ಈ ಸೀರೆಗೆ ಭಾನುವಾರವೂ ರಜ ಇಲ್ವಾ?’ ಅಂದರು. ಸುತ್ತಲಿನವರು ನಕ್ಕರು. ಅಕ್ಕನೂ ನಕ್ಕಳು. ಮುಂದಿನ ಭಾನುವಾರದಿಂದ ಬರಲಿಲ್ಲ.

ಆಕೆ ದೇವರನ್ನು ಬಿಟ್ಟಿರಲಿಲ್ಲ. ರಜ ಸಿಕ್ಕ ದಿನ ಬಸ್ ಹತ್ತಿ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾಕ್ಕೆ ಹೋಗುತ್ತಿದ್ದಳು. ಅಲ್ಲಿ ಮಾತೆಗೇ ಸೀರೆ ಉಡಿಸುತ್ತಾರೆ. ಆಗಸ್ಟ್ 29ಕ್ಕೆ ನೊವೇನ ಶುರುವಾಗಿ ಸೆಪ್ಟೆಂಬರ್ 8ರ ತೇರಿನವರೆಗೆ ಜಾತಿಮತ ನೋಡದೆ ಜನ ಸೇರುತ್ತಾರೆ, ಹರಕೆ ಹೊತ್ತವರು ಕಾವಿ ಉಟ್ಟು ಬರುತ್ತಾರೆ. ಮೂಲೆಮನೆಯ ಅಕ್ಕನೂ ಕಾವಿ ಬಣ್ಣದ ವಾಯಿಲ್ ಸೀರೆ ಒಂದನ್ನು ತಗೊಂಡಳು. ‘ಅಲ್ಲಿ ಎಲ್ರದೂ ಅದೇ ಬಣ್ಣ. ಯಾರ್ ಸೀರೆ ಯಾರೂ ನೋಡಲ್ಲ’ ಎಂದು ಅಮ್ಮನ ಹತ್ತಿರ ಹೇಳಿದಳು.

ಆಮೇಲೆ ನಾನು ಆ ಮೂರು ಪತ್ರಗಳನ್ನು ತೆರೆದು ಓದಿದೆ. ಉಪದೇಶದಲ್ಲಿ ಕೇಳಿದ್ದನ್ನೇ ನಂಬಿಕೊಂಡಿದ್ದ ನನಗೆ ಅಲ್ಲಿ ತೋಳೂ ಸಿಗಲಿಲ್ಲ, ಬೆನ್ನೂ ಸಿಗಲಿಲ್ಲ. ತಿಮೊಥೇಯನ ಪತ್ರದಲ್ಲಿ ಹೆಂಗಸರು ಮರ್ಯಾದೆಯಿಂದ ಉಡಬೇಕೆಂದ ಪೌಲ ಆ ಕೂಡಲೇ ಬೇಡವೆನ್ನುವುದು ಜಡೆಯ ಅಲಂಕಾರವನ್ನು, ಚಿನ್ನವನ್ನು, ಮುತ್ತನ್ನು, ಬೆಲೆಬಾಳುವ ಬಟ್ಟೆಯನ್ನು. ಪೇತ್ರನ ಪಟ್ಟಿಯೂ ಹೆಚ್ಚುಕಡಿಮೆ ಅದೇ. ಕೊರಿಂಥದ ಪತ್ರದ ಹನ್ನೊಂದನೆಯ ಅಧ್ಯಾಯವನ್ನು ತಲೆಯ ಮುಸುಕಿನ ಅಧ್ಯಾಯವೆಂದೇ ಎಲ್ಲರೂ ಹೇಳುತ್ತಾರೆ. ಅದರ ಎರಡನೆಯ ಅರ್ಧದಲ್ಲಿ ಪೌಲನ ಸಿಟ್ಟು ಬೇರೆಯೇ ಕಡೆಗಿದೆ. ಪ್ರಭುವಿನ ಭೋಜನಕ್ಕೆ ಸೇರಿದಾಗ ಉಳ್ಳವರು ಮೊದಲೇ ತಿಂದು ಕುಡಿದು, ಏನೂ ಇಲ್ಲದವರನ್ನು ನಾಚುವಂತೆ ಮಾಡುತ್ತಿದ್ದರಂತೆ. ಇನ್ನು ಯಕೋಬನ ಪತ್ರದ ಎರಡನೆಯ ಅಧ್ಯಾಯ ಓದಿದಾಗ ನೇರಳೆ ಸೀರೆಯ ಅಕ್ಕನನ್ನೇ ನೋಡಿ ಬರೆದಂತಿತ್ತು. ಚಿನ್ನದುಂಗುರ, ಒಳ್ಳೆಯ ಬಟ್ಟೆಯವನು ಬಂದರೆ ಮುಂದೆ ಕೂರಿಸಿ, ಕೊಳಕು ಬಟ್ಟೆಯ ಬಡವನನ್ನು ಕಾಲ ಬಳಿ ಕೂರಿಸುವ ಸಭೆಯನ್ನು ಅವನು ಅಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಾನೆ.

ಆ ಪತ್ರಗಳು ಹುಟ್ಟಿದ ಸಭೆಗಳಲ್ಲಿ ಗುಲಾಮರೂ ಯಜಮಾನಿಯರೂ ಒಟ್ಟಿಗೆ ಕೂರುತ್ತಿದ್ದರು. ಅಂಥಲ್ಲಿ ಮುತ್ತಿನ ಸರವೆಂದರೆ ಪಕ್ಕದವಳಿಗೆ ಅವಳ ಜಾಗ ತೋರಿಸುವ ಬೆರಳು. ನನ್ನ ಮಟ್ಟಿಗೆ ಈ ಪತ್ರಗಳ ತಿರುಳು ಇಷ್ಟು: ದೇವರ ಮನೆಯಲ್ಲಿ ನನ್ನ ಉಡುಗೆಯಿಂದ ಪಕ್ಕದ ಬೆಂಚಿನವಳು ಕುಗ್ಗಬಾರದು. ಗಂಡಸಿನ ಕಣ್ಣಿನಿಂದ ನನ್ನನ್ನು ಕಾಪಾಡುವ ವಿದ್ಯೆಯಾಗಿ ನಾವು ಕಲಿತದ್ದು, ನನ್ನಿಂದ ಬಡವಳನ್ನು ಕಾಪಾಡಲು ಬರೆದದ್ದು. ಬೆನ್ನಿನ ಎರಡಿಂಚಿಗೆ ಶಾಲು ತಂದವರು ಆ ‘ರಜ ಇಲ್ವಾ’ ಎಂಬ ಮಾತಿಗೆ ಹೊದಿಸಲು ಏನೂ ತರಲಿಲ್ಲ.

ಬಟ್ಟೆಯ ಜಗಳ ಅಂತಸ್ತಿನ ಜಗಳ ಎಂಬುದು ನಮ್ಮ ಕ್ರೈಸ್ತ ಚರಿತ್ರೆಯಲ್ಲಿ ಹೊಸದಲ್ಲ. ತಿರುವಾಂಕೂರಿನ ನಾಡಾರ್ ಹೆಂಗಸರ ಕಥೆ ಅದಕ್ಕೆ ದೊಡ್ಡ ಸಾಕ್ಷಿ. ಮೇಲ್ಜಾತಿಯವರೆದುರು ಅವರು ಎದೆ ಮುಚ್ಚಿಕೊಳ್ಳುವುದೇ ಅಪರಾಧವಾಗಿತ್ತು. ಕ್ರೈಸ್ತರಾದವರು ರವಿಕೆ ತೊಟ್ಟರೆ ಬೀದಿಯಲ್ಲಿ ಹಿಡಿದು ಹರಿಯುತ್ತಿದ್ದರು. ದಶಕಗಳ ಹೋರಾಟದ ಮೇಲೆ 1859ರಲ್ಲಿ ಮುಚ್ಚಿಕೊಳ್ಳಲು ಅರಸರ ಅಪ್ಪಣೆ ಸಿಕ್ಕಿತು, ಆಗಲೂ ಮೇಲ್ಜಾತಿಯ ಹೆಂಗಸರಂತೆ ಉಡಕೂಡದೆಂಬ ಷರತ್ತು ಉಳಿಯಿತು. ನಮ್ಮ ಮುತ್ತಜ್ಜಿಗೆ ರವಿಕೆ ಬೇಕಿರಲಿಲ್ಲ, ಅವರಿಗೆ ಅದು ಪ್ರಾಣಕ್ಕಿಂತ ಹೆಚ್ಚಾಗಿತ್ತು. ಇವಳ ಭುಜವನ್ನು ಯಾರೂ ಪ್ರಶ್ನಿಸಲಿಲ್ಲ, ಅವರ ರವಿಕೆಗೆ ಊರೇ ಕೈಹಾಕಿತು ಎಂಬುದರಲ್ಲೇ ಎಲ್ಲ ವ್ಯತ್ಯಾಸವೂ ಇದೆ.

ಗಂಡಸರ ಉಡುಪಿನ ಕಥೆ ಇಷ್ಟು ಕಷ್ಟದ್ದಲ್ಲ. ಹದಿನೇಳನೆಯ ಶತಮಾನದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಜೆಸ್ವಿತ ಪಾದ್ರಿ ಲಿಯೊನಾರ್ದೊ ಚಿನ್ನಮಿ ಸನ್ಯಾಸಿಗಳಂತೆ ಉಟ್ಟರು. ಟಿಪ್ಪುವಿನ ನಂತರ ಮೈಸೂರು ಸೀಮೆಯಲ್ಲಿದ್ದ ಅಬ್ಬೆ ದುಬುವಾ ನಮ್ಮವರಂತೆಯೇ ನಿಲುವಂಗಿ, ಪೇಟ ತೊಟ್ಟು ದೊಡ್ಡಸ್ವಾಮಿ ಎನಿಸಿಕೊಂಡರು. 1969ರಲ್ಲಿ ಭಾರತದ ಪೂಜಾವಿಧಿಗೆ ವ್ಯಾಟಿಕನ್ ಒಪ್ಪಿದ ಹನ್ನೆರಡು ಮಾರ್ಪಾಡುಗಳಲ್ಲಿ ಗುರುಗಳು ಅಂಗವಸ್ತ್ರ ಧರಿಸುವುದೂ ಒಂದು. ಆ ಬದಲಾವಣೆಗಳನ್ನು ಮುನ್ನಡೆಸಿದ ಕೇಂದ್ರ ನಮ್ಮ ಬೆಂಗಳೂರಿನ ಹಚ್ಚಿನ್ಸ್ ರಸ್ತೆಯಲ್ಲೇ ಇದೆ. ಗುರುಗಳು ಉಡುಪು ಬದಲಿಸಿದಾಗ ಗ್ರಂಥಗಳು ಬಂದವು, ಸಮ್ಮೇಳನಗಳು ನಡೆದವು. ಹೆಂಗಸಿನ ಉಡುಪು ಬದಲಾದರೆ ಬಾಗಿಲಿಗೆ ಬೋರ್ಡು ಬೀಳುತ್ತದೆ.

ತಾನೇ ನಿರ್ಧರಿಸಿ ಉಟ್ಟ ಕ್ರೈಸ್ತ ಹೆಂಗಸು ಯಾರೆಂದರೆ ನನಗೆ ನೆನಪಾಗುವುದು ಪಂಡಿತಾ ರಮಾಬಾಯಿ. ಕಾರ್ಕಳದ ಬಳಿಯ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು, 1858ರಲ್ಲಿ ನಮ್ಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಮೇಲೂ ಬಿಳಿ ಸೀರೆ ಬಿಡಲಿಲ್ಲ, ಸಸ್ಯಾಹಾರ ಬಿಡಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಬದಲು ಸಂಸ್ಕೃತ ಅಕ್ಷರಗಳೇ ಇರಲಿ ಎಂದು ತನಗೆ ದೀಕ್ಷೆ ಕೊಡಿಸಿದ ಸಿಸ್ಟರ್ ಜೊತೆಗೇ ಪತ್ರದಲ್ಲಿ ವಾದಿಸಿದರು. ಚಿಕ್ಕಮ್ಮನ ಬಿಳಿ ಸೀರೆಗೆ ಅಜ್ಜಿ ಅತ್ತಾಗ ನನಗೆ ರಮಾಬಾಯಿಯ ಕಥೆ ಗೊತ್ತಿದ್ದಿದ್ದರೆ ಹೇಳುತ್ತಿದ್ದೆ. ‘ಅವಳು ವಿಧವೆಯೇ ಅಲ್ಲವಾ’ ಎಂದು ಅಜ್ಜಿ ತಿರುಗಿಸಿ ಕೇಳುತ್ತಿದ್ದಳು, ಅದೂ ನಿಜವೇ.

ನಾನೀಗ ಪಿಯು ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಎಲ್ಲರಿಗೂ ಒಂದೇ ಬಟ್ಟೆಯಾದರೆ ಬಡವರಿಗೆ ಹಗುರ ಎಂದು ಚಿಕ್ಕಮ್ಮನನ್ನೂ ಕಾವಿ ಸೀರೆಯ ಅಕ್ಕನನ್ನೂ ನೋಡಿ ನಾನು ಕಟ್ಟಿಕೊಂಡಿದ್ದ ಸಿದ್ಧಾಂತ 2022ರಲ್ಲಿ ಕಾಲೇಜಿನ ಗೇಟಿನಲ್ಲಿ ಬಂದು ನಿಂತಿತು. ಸಮವಸ್ತ್ರ, ಹಿಜಾಬಿನ ಕುರಿತು ಫೆಬ್ರವರಿ 5ರ ಸರ್ಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು. ಆ ವರ್ಷ ಹಿಜಾಬಿನ ಹುಡುಗಿಯರ ಪಾಲಿಗೆ ಕಾಲೇಜು ಶುರುವಾಗುತ್ತಿದ್ದದ್ದೇ ಪಿನ್ ಬಿಚ್ಚುವುದರಿಂದ. ಸಮವಸ್ತ್ರದ ಪರ ಹೇಳುತ್ತಿದ್ದವರ ಬಾಯಲ್ಲಿ ನನ್ನದೇ ಮಾತಿತ್ತು, ಸಮಾನತೆ. ಒಬ್ಬ ಹುಡುಗಿ ಸ್ಟಾಫ್ ರೂಮಿಗೆ ಬಂದು, ‘ಮಿಸ್, ನಿಮ್ಮ ಸಿಸ್ಟರ್‌ಗಳು ತಲೆ ಮುಚ್ಕೊಂಡೇ ಪಾಠ ಮಾಡ್ತಾರಲ್ಲ?’ ಎಂದು ಕೇಳಿದಳು. ನಮ್ಮ ಅಜ್ಜಿಯೂ ಮುಚ್ಚಿಕೊಳ್ಳುತ್ತಿದ್ದಳು ಎಂದೆ. ಅದು ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಆ ಹುಡುಗಿ ಹೋದ ಮೇಲೆ ಚಿಕ್ಕಮ್ಮನ ಓಲೆ ನೆನಪಾಯಿತು. ಅವಳು ತನ್ನ ಓಲೆಯನ್ನು ತಾನೇ ಬಿಚ್ಚಿದವಳು. ಬಡ್ಡಿಯ ಭಾರವಿಳಿದು ತಲೆಯೆತ್ತಿ ನಡೆದಳು. ಗೇಟಿನಲ್ಲಿ ಪಿನ್ ಬಿಚ್ಚಿದ ಹುಡುಗಿ ತಲೆ ತಗ್ಗಿಸಿ ಒಳಗೆ ಬಂದಳು. ಎರಡೂ ಕಡೆ ಮೈಯಿಂದ ಏನೋ ಒಂದು ಇಳಿಯಿತು, ಎರಡೂ ಕಡೆ ಸಮಾನತೆಯ ಮಾತಿತ್ತು. ಹಾಗಾಗಿ ಒಂದೇ ಬಟ್ಟೆ ಎಂಬುದಷ್ಟೇ ಸಾಲದು. ಅದನ್ನು ಯಾರು ಗೊತ್ತುಮಾಡಿದರು, ಗೊತ್ತುಮಾಡುವಾಗ ಎಲ್ಲರಿಗಿಂತ ಕೆಳಗಿರುವವಳನ್ನು ಕೇಳಿದರೋ ಇಲ್ಲವೋ ಎಂಬುದನ್ನೂ ನೋಡಬೇಕು. ಅಷ್ಟನ್ನು ನಾನು ನನ್ನ ಸಿದ್ಧಾಂತಕ್ಕೆ ಸೇರಿಸಿಕೊಳ್ಳಬೇಕಾಯಿತು.

ನನ್ನ ಮಗಳಿಗೆ ಇದೂ ಸಾಲದು. ಯಲಹಂಕ ನ್ಯೂಟೌನಿನ ಗೆಳತಿಯರ ಜೊತೆ ಮೊಣಕಾಲು ಹರಿದ ಜೀನ್ಸ್ ತೊಟ್ಟು ಗಿಟಾರ್ ಹಿಡಿದು ಗಾನವೃಂದಕ್ಕೆ ಹೋಗುವವಳು ಅವಳು. ಯಾರ ಪಕ್ಕ ಕೂತರೂ ಅವರಿಗೆ ಮುಜುಗರವಾಗದಂತೆ ಉಡು, ಅಷ್ಟೇ ನನ್ನ ನಿಯಮ ಎಂದು ಹೇಳಿದೆ. ‘ಹಾಗಾದ್ರೆ ನನ್ ಜೀನ್ಸ್ ನೋಡಿ ಮುಂದಿನ ಬೆಂಚಿನ ಅಂಕಲ್‌ಗೆ ಮುಜುಗರ ಆಗುತ್ತಲ್ಲ, ಅದಕ್ಕೇನ್ ಮಾಡ್ಲಿ?’ ಎಂದಳು. ಕೇಳಬೇಕಾದ ಪ್ರಶ್ನೆಯೇ. ನೇರಳೆ ಸೀರೆಯ ಅಕ್ಕನಿಗಾದದ್ದೂ ಮುಜುಗರ, ಅಂಕಲ್ಲಿಗಾಗುವುದೂ ಮುಜುಗರ. ಮೊದಲನೆಯವಳು ಮನೆಗೆ ಹೋದವಳು ತಿರುಗಿ ಬರಲಿಲ್ಲ. ಎರಡನೆಯವರು ಮನೆಗೆ ಹೋಗುವುದಿಲ್ಲ, ಹುಡುಗಿಯನ್ನೇ ಮನೆಗೆ ಕಳಿಸುತ್ತಾರೆ. ಯಾರ ಮುಜುಗರಕ್ಕೆ ನಾವು ಬಟ್ಟೆ ಬದಲಿಸಬೇಕು ಎಂಬುದಕ್ಕೆ ಸದ್ಯಕ್ಕೆ ಇದೇ ನನ್ನ ಅಳತೆ ಎಂದೆ. ಅವಳು ಪೂರ್ತಿ ಒಪ್ಪಿಲ್ಲ. ಪಕ್ಕದಲ್ಲಿ ಕೂರುವವರಿಗೆ ತನ್ನ ಹರಿದ ಜೀನ್ಸಿನ ಬೆಲೆ ಗೊತ್ತಾದರೆ ನಿಜವಾದ ಮುಜುಗರ ಆಗ ಶುರುವಾಗುತ್ತದೆ ಎಂದು ಅವಳೇ ನಕ್ಕಳು.

ಹೋದ ವರ್ಷ ನಮ್ಮ ಚರ್ಚಿನಲ್ಲಿ ಪ್ರಥಮ ಪರಮಪ್ರಸಾದದ ತಯಾರಿಯ ಸಭೆ ನಡೆಯಿತು. ಪುಟ್ಟ ಹೆಣ್ಣುಮಕ್ಕಳ ಬಿಳಿ ಫ್ರಾಕು ಈಗ ಮದುವೆ ಗೌನಿಗೆ ಪೈಪೋಟಿ ಕೊಡುತ್ತದೆ. ನೆಟ್ಟು, ಮುತ್ತು, ಕಿರೀಟ, ಕೈಗವಸು. ಬಾಗಲೂರು ಕ್ರಾಸಿನ ಕಡೆ ಮನೆಗೆಲಸ ಮಾಡುವ ತಾಯಿಯೊಬ್ಬಳು ಮಗಳನ್ನು ಮುಂದಿನ ವರ್ಷ ಕಳಿಸುತ್ತೇನೆಂದು ಹಿಂದಿನ ವರ್ಷವೂ ಹೇಳಿದ್ದಳು. ಎಲ್ಲ ಮಕ್ಕಳಿಗೂ ಒಂದೇ ಥರದ ಸಾದಾ ಕಾಟನ್ ನಿಲುವಂಗಿ ಹೊಲಿಸೋಣ ಎಂದು ನಾನು ಹೇಳುವ ಮೊದಲು ಆ ತಾಯಿಯನ್ನೂ ಅಂಥ ಇನ್ನಿಬ್ಬರನ್ನೂ ಮನೆಯಲ್ಲೇ ಕಂಡು ಕೇಳಿದ್ದೆ. ಅವರ ಚಿಂತೆ ಬೇರೆ ಇತ್ತು: ‘ಚರ್ಚಿಂದ ಬಿಟ್ಟಿ ಕೊಟ್ರು ಅಂತ ಆಗಬಾರ್ದು ಮಿಸ್, ನಾವೂ ದುಡ್ಡು ಕೊಡ್ತೀವಿ.’ ಹಾಗಾಗಿ ಎಲ್ಲರಿಗೂ ಒಂದೇ ಸಣ್ಣ ಮೊತ್ತ ಎಂದು ಗೊತ್ತುಮಾಡಿದೆವು. ಸಭೆಯಲ್ಲಿ ವಿರೋಧ ಬಂತು. ‘ಜೀವಮಾನದಲ್ಲಿ ಒಂದೇ ಸಲ ಬರೋ ದಿನ, ಮಗಳನ್ನ ಸಿಂಗರಿಸಿದ್ರೆ ಪಾಪಾನಾ?’ ಎಂದು ಒಬ್ಬರು ಎದ್ದು ಹೋದರು. ಅವರ ಆಸೆಯೂ ಸುಳ್ಳಲ್ಲ. ಫಾದರ್ ಮಾತ್ರ ಯಕೋಬನ ಪತ್ರ ತೆಗೆದು ಓದಿದರು, ಹೆಚ್ಚು ಮಾತಾಡಲಿಲ್ಲ. ಮಕ್ಕಳು ಮನೆಯಿಂದ ಹೂವು ಮುಡಿದು ಬರಬಹುದು ಎಂಬ ರಾಜಿಯ ಮೇಲೆ ತೀರ್ಮಾನವಾಯಿತು.

ಚಿಕ್ಕಪೇಟೆಯಿಂದ ಥಾನುಗಟ್ಟಲೆ ಬಿಳಿ ಕಾಟನ್ ಬಂತು. ಹೊಲಿಗೆಗೆ ಅಮ್ಮನನ್ನೂ, ಗಾರ್ಮೆಂಟ್ಸ್ ಬಿಟ್ಟು ಮನೆಯಲ್ಲೇ ಹೊಲಿಯುವ ಇನ್ನಿಬ್ಬರು ಹೆಂಗಸರನ್ನೂ ಕೇಳಿದೆವು. ದೇವರ ಕೆಲಸವಲ್ಲವೇ, ಸೇವೆ ಎಂದು ಮಾಡಿಕೊಡುತ್ತಾರೆಂದು ಸಮಿತಿಯವರು ಕೂಲಿಯ ಮಾತೇ ಎತ್ತಿರಲಿಲ್ಲ. ಅಮ್ಮ ಬಟ್ಟೆ ಮುಟ್ಟಿ ನೋಡಿ, ಕನ್ನಡಕ ಏರಿಸಿ, ‘ಸೇವೆ ನಾನು ಮಾಡ್ತೀನಿ, ಅವರಿಬ್ಬರದು ಹೊಟ್ಟೆಪಾಡು. ಒಂದ್ ಪೀಸಿಗೆ ಎಷ್ಟು ಅಂತ ಮೊದ್ಲು ಬರ್ದು ಕೊಡ್ಲಿ, ಆಮೇಲೆ ಕತ್ತರಿ ಹಾಕ್ತೀನಿ’ ಅಂದಳು. ಬರೆದುಕೊಟ್ಟರು.